ರಿಪೋರ್ಟಿನಲ್ಲಿ ಬರೆಯದ ತಳಿ

ಎಳ್ಳ ಅಮಾವಾಸ್ಯೆ ಮುಗಿದ ವಾರ. ಆಳಂದ ಕಡೆ ನಮ್ಮ ಸೋದರಮಾವನ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಮಿಷನ್ನಿನಿಂದ ಹೊಟ್ಟು ಹಾರುವಾಗ ಮಾವನ ಬಲಗಣ್ಣಿಗೆ ಏನೋ ಬಡಿಯಿತು. ಕೊಡದ ನೀರಿನಲ್ಲಿ ಕಣ್ಣು ತೊಳೆದರು, ಧೋತರದ ಚುಂಗಿನಿಂದ ಒರೆಸಿಕೊಂಡರು, ಮತ್ತೆ ರಾಶಿಗೆ ನಿಂತರು. ರಾತ್ರಿ ಹೊತ್ತಿಗೆ ಕಣ್ಣು ಕೆಂಪಾಯಿತು. "ಕಣ್ಣು ಬಂದಾವ, ನಾಕ್ ದಿನದಾಗ ಹೋಗ್ತಾವ" ಎಂದು ಮನೆಯವರೆಲ್ಲ ಸುಮ್ಮನಾದರು. ಮೂರನೇ ದಿನ ಕರಿಗುಡ್ಡೆಯ ಮೇಲೆ ಬೆಳ್ಳಗೆ ಹೂವು ಬಿದ್ದಿತ್ತು. ಕಲಬುರಗಿಗೆ ಕರೆತರುವಾಗ ಬಿಸಿಲಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹುಣ್ಣನ್ನು ಸಣ್ಣಗೆ ಕೆರೆದು ಲ್ಯಾಬಿಗೆ ಕಳಿಸಿದರು. ಎರಡು ದಿನದ ಮೇಲೆ ರಿಪೋರ್ಟ್ ಬಂತು. ಅದರಲ್ಲಿದ್ದದ್ದು ಒಂದೇ ಬ್ಯಾಕ್ಟೀರಿಯಾದ ಹೆಸರು: ಸೂಡೋಮೊನಾಸ್ ಎರುಜಿನೋಸಾ. ಅದೇ ಬೆಂಚಿನ ಮೇಲೆ ಜೇವರ್ಗಿ ಕಡೆಯ ಒಬ್ಬ ಹುಡುಗ ಕೂತಿದ್ದ. ಅವನ ರಿಪೋರ್ಟಿನಲ್ಲೂ ಇದೇ ಹೆಸರು. ತಿಂಗಳೊಪ್ಪತ್ತಿನಲ್ಲಿ ಅವನ ಕಣ್ಣು ಹೆಚ್ಚುಕಡಿಮೆ ತಿಳಿಯಾಯಿತು. ಮಾವನ ಕಣ್ಣಿನಲ್ಲಿ ದಪ್ಪ ಹೂವು ಉಳಿಯಿತು. ಆ ಕಣ್ಣಿನಿಂದ ಈಗ ಎದುರಿಗೆ ಹಿಡಿದ ಬೆರಳು ಎಣಿಸಲೂ ಆಗುವುದಿಲ್ಲ.

"ಇಬ್ಬರಿಗೂ ಒಂದೇ ಹುಳ ಅಂತ ಬರ್ದಾರ. ಮತ್ತ ನಂದ್ಯಾಕ ಹಿಂಗಾತು?" ಎಂದು ಮಾವ ಕೇಳಿದರು.

ಸುಲಭದ ಉತ್ತರಗಳಿವೆ. ಅವರದು ಅರವತ್ತು ದಾಟಿದ ಕಣ್ಣು. ಮೂರು ದಿನ ತಡವಾಗಿತ್ತು. ಹುಣ್ಣು ನಟ್ಟನಡುವೆ ಇತ್ತು, ಆಳವಾಗಿತ್ತು. ಇವೇ ದೊಡ್ಡ ಕಾರಣಗಳಿರಬಹುದು. ಆದರೆ ಇನ್ನೊಂದು ಉತ್ತರ ಬ್ಯಾಕ್ಟೀರಿಯಾದ ಒಳಗೇ ಇದೆ. ಅದನ್ನು ತೊಗರಿ ರೈತರಿಗೆ ಹೇಳುವುದು ಕಷ್ಟವೇನಲ್ಲ. ಗುಳ್ಯಾಳವೂ ತೊಗರಿ, ಮಾರುತಿಯೂ ತೊಗರಿ, ಟಿಎಸ್-3ಆರ್ ಕೂಡ ತೊಗರಿ. ನೆಟೆ ರೋಗ ಹೊಲಕ್ಕೆ ಬಂದಾಗ ಮಾತ್ರ ಫರಕು ಗೊತ್ತಾಗುತ್ತದೆ. ಒಂದು ತಳಿ ನಿಂತಲ್ಲೇ ಒಣಗುತ್ತದೆ, ಇನ್ನೊಂದು ತಡೆದು ನಿಲ್ಲುತ್ತದೆ. ಬ್ಯಾಕ್ಟೀರಿಯಾದಲ್ಲೂ ಹೀಗೇ ತಳಿಗಳಿವೆ. ಲ್ಯಾಬಿನವರು ಬರೆಯುವುದು ಬೆಳೆಯ ಹೆಸರು ಮಾತ್ರ.

ಮೊದಲು ಈ ಬೆಳೆಯ ಪರಿಚಯ ಆಗಲಿ. ತಾಮ್ರದ ಕೊಡ ತಿಕ್ಕದೆ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದಲ್ಲ, ಎರುಜಿನೋಸಾ ಎಂಬ ಹೆಸರು ಬಂದದ್ದು ಆ ಕಿಲುಬಿನ ಲ್ಯಾಟಿನ್ ಪದದಿಂದ. ಈ ಬ್ಯಾಕ್ಟೀರಿಯಾ ನೀಲಿ-ಹಸಿರು ಬಣ್ಣ ಬಿಡುತ್ತದೆ. 1882ರಲ್ಲಿ ಫ್ರಾನ್ಸಿನ ಕಾರ್ಲ್ ಗೆಸಾರ್, ಗಾಯಕ್ಕೆ ಕಟ್ಟಿದ ಬಟ್ಟೆ ನೀಲಿ-ಹಸಿರಾಗುವುದು ಯಾಕೆ ಎಂದು ಹುಡುಕುತ್ತ ಇದನ್ನು ಬೇರ್ಪಡಿಸಿದ. ಇದಕ್ಕೆ ಮನುಷ್ಯನೇ ಬೇಕೆಂದಿಲ್ಲ. ಒದ್ದೆ ಮಣ್ಣು, ನೀರಿನ ಟಾಕಿ, ನಲ್ಲಿಯ ಬಾಯಿ, ಕೊಡದ ತಳ, ಎಲ್ಲಾದರೂ ಬದುಕುತ್ತದೆ. ಗಟ್ಟಿಮುಟ್ಟಾದ ಕಣ್ಣಿಗೆ ಇದರಿಂದ ಏನೂ ಆಗುವುದಿಲ್ಲ. ರೆಪ್ಪೆ ಬಡಿತ, ಕಣ್ಣೀರು, ಕಾರ್ನಿಯಾದ ಮೇಲಿನ ತೆಳು ಪದರ ಸೇರಿ ಅದನ್ನು ಹೊರಗೇ ತಡೆಯುತ್ತವೆ. ಆದರೆ ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಭಾಗ, ನಡುವೆ ಬರೀ ಅರ್ಧ ಮಿಲಿಮೀಟರ್ ದಪ್ಪ. ತೊಗರಿ ಸಿಪ್ಪೆಯ ಚೂಪಿಗೆ ಅಷ್ಟು ಸಾಕು.

2000ನೇ ಇಸವಿಯಲ್ಲಿ ಇದರ ಒಂದು ತಳಿಯ ಇಡೀ ಜೀನೋಮ್, ಅಂದರೆ ಡಿಎನ್‌ಎಯಲ್ಲಿರುವ ಪೂರ್ತಿ ಬರಹ, ಓದಿ ಪ್ರಕಟಿಸಿದರು. ಪಿಎಒ1 ಎಂಬ ಆ ತಳಿ ಮೆಲ್ಬರ್ನಿನ ರೋಗಿಯೊಬ್ಬರ ಗಾಯದಿಂದ ಸಿಕ್ಕಿದ್ದು. ಸುಮಾರು 63 ಲಕ್ಷ ಅಕ್ಷರ, 5,500ಕ್ಕೂ ಜಾಸ್ತಿ ಜೀನ್. ಬ್ಯಾಕ್ಟೀರಿಯಾದ ಮಟ್ಟಿಗೆ ಇದು ದೊಡ್ಡ ಸಂಸಾರ. ಬೇರೆ ಬೇರೆ ತಳಿಗಳನ್ನು ಓದಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಬಹುಪಾಲು ಜೀನ್‌ಗಳು ಎಲ್ಲ ತಳಿಗಳಲ್ಲೂ ಇವೆ. ಅದರ ಮೇಲೆ ಒಂದೊಂದು ತಳಿಯೂ ಹೊರಗಿನಿಂದ ತಂದುಕೊಂಡ ಒಂದಿಷ್ಟು ಜೀನ್‌ಗಳ ಗಂಟು ಕಟ್ಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾಗಳು ಜೀನ್ ಪಡೆಯಲು ತಾಯಿತಂದೆಗೇ ಕಾಯುವುದಿಲ್ಲ. ಪಕ್ಕದ ಬ್ಯಾಕ್ಟೀರಿಯಾದಿಂದಲೂ ಪಡೆಯುತ್ತವೆ.

ಅಂಥ ಒಂದು ಗಂಟಿನಲ್ಲಿ ಎಕ್ಸೋ-ಯು ಎಂಬ ಜೀನ್ ಇದೆ.

ಸೂಡೋಮೊನಾಸ್ ಮೈಮೇಲೆ ಸಿರಿಂಜಿನಂಥ ಸಣ್ಣ ಸೂಜಿಗಳಿರುತ್ತವೆ. ನಮ್ಮ ಜೀವಕೋಶಕ್ಕೆ ತಾಗಿದ ಕೂಡಲೇ ಸೂಜಿ ಚುಚ್ಚಿ ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ಹೀಗೆ ಬಿಡುವ ಪ್ರೋಟೀನುಗಳಲ್ಲಿ ಚೆನ್ನಾಗಿ ತಿಳಿದಿರುವವು ನಾಲ್ಕು: ಎಕ್ಸೋ-ಎಸ್, ಎಕ್ಸೋ-ಟಿ, ಎಕ್ಸೋ-ಯು, ಎಕ್ಸೋ-ವೈ. ಇದರಲ್ಲಿ ಎಸ್ ಮತ್ತು ಯು ನಡುವೆ ಸವತಿ ಸಂಬಂಧ. ಸಾಮಾನ್ಯವಾಗಿ ಒಂದಿದ್ದ ತಳಿಯಲ್ಲಿ ಇನ್ನೊಂದು ಇರುವುದಿಲ್ಲ. ಎರಡೂ ಇರುವುದು ಅಪರೂಪ.

ಎಕ್ಸೋ-ಯು ಕೆಲಸ ಒರಟು. ಜೀವಕೋಶದ ಹೊರಪೊರೆ ಕೊಬ್ಬಿನದು. ಇದು ಆ ಕೊಬ್ಬನ್ನೇ ಕತ್ತರಿಸುತ್ತದೆ. ಕೆಲವೇ ತಾಸಿನಲ್ಲಿ ಕೋಶ ಒಡೆದು ಸಾಯುತ್ತದೆ. ಕಣ್ಣು ಕಾಯಲು ಓಡಿ ಬಂದ ಬಿಳಿ ರಕ್ತಕಣಕ್ಕೂ ಅದೇ ಗತಿ. ಹಾಗಾದರೆ ಅದು ತಯಾರಾದ ಬ್ಯಾಕ್ಟೀರಿಯಾದ ಪೊರೆಯನ್ನೇ ಯಾಕೆ ಕತ್ತರಿಸುವುದಿಲ್ಲ? ನನಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದರ ಉತ್ತರ. ಬ್ಯಾಕ್ಟೀರಿಯಾದ ಒಳಗೆ ಈ ಪ್ರೋಟೀನು ನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸಲು ಯುಬಿಕ್ವಿಟಿನ್ ಎಂಬ ಇನ್ನೊಂದು ಪ್ರೋಟೀನು ಬೇಕು. ಅದು ನಮ್ಮ ಕೋಶಗಳಲ್ಲಿದೆ, ಸೂಡೋಮೊನಾಸ್‌ನಲ್ಲಿ ಇಲ್ಲ. ಸೇಡಂ ಕಡೆಯವರಿಗೆ ಸುಣ್ಣದ ಕಲ್ಲು ಗೊತ್ತಿರುತ್ತದೆ. ಸುಟ್ಟ ಸುಣ್ಣದ ಹರಳು ಮೂಲೆಯಲ್ಲಿ ತಣ್ಣಗೆ ಕೂತಿರುತ್ತದೆ, ನೀರು ಬಿದ್ದ ಮೇಲೆ ಕೊತಕೊತ ಕುದಿಯುತ್ತದೆ. ಇಲ್ಲಿ ಆ ನೀರು ನಮ್ಮದೇ.

ಎಕ್ಸೋ-ಎಸ್ ಇರುವ ತಳಿಗಳ ದಾರಿ ಬೇರೆ. ಅವು ಕೋಶವನ್ನು ಕೂಡಲೇ ಕೊಲ್ಲುವುದಿಲ್ಲ. ಒಳಗೆ ನುಗ್ಗಿ ಅಲ್ಲೇ ಅಡಗಿ ಹೆಚ್ಚುತ್ತವೆ. ಕೋಶದೊಳಗೆ ಚೆನ್ನಾಗಿ ಇಳಿಯದ ಔಷಧಿಗಳಿಂದ ಹೀಗೆ ತಪ್ಪಿಸಿಕೊಳ್ಳುತ್ತವೆ. ಅಂದರೆ ಯು ಕೆಟ್ಟದ್ದು, ಎಸ್ ಸಾಧು ಎಂದಲ್ಲ. ಒಬ್ಬ ಬಾಗಿಲು ಮುರಿಯುವವನು, ಇನ್ನೊಬ್ಬ ಅಟ್ಟದಲ್ಲಿ ಅಡಗುವವನು. ಎರಡೂ ಕಣ್ಣು ಕೆಡಿಸಬಲ್ಲವು. ಆದರೂ ಇಲಿಗಳ ಕಣ್ಣಿನ ಮೇಲೆ ಮಾಡಿದ ಪ್ರಯೋಗಗಳಲ್ಲಿ ಯು ಜೀನ್ ಒಂದನ್ನೇ ತೆಗೆದುಹಾಕಿದಾಗ ರೋಗದ ಉಗ್ರತೆ ಇಳಿಯಿತು. ಐದೂವರೆ ಸಾವಿರ ಜೀನ್‌ಗಳಲ್ಲಿ ಒಂದು!

ಇಲಿಯ ಮಾತಾಯಿತು, ಮನುಷ್ಯರಲ್ಲಿ? ಇಲ್ಲಿ ನಮ್ಮ ದೇಶದ ರೋಗಿಗಳೇ ಉತ್ತರ ಕೊಟ್ಟಿದ್ದಾರೆ. ಬ್ಯಾಕ್ಟೀರಿಯಾದ ಹುಣ್ಣಿಗೆ ಆ್ಯಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಹನಿಯನ್ನೂ ಹಾಕಬೇಕೋ ಬೇಡವೋ ಎಂಬುದು ಹಳೆಯ ಜಗಳ. ಹಾಕಿದರೆ ಉರಿ ಇಳಿದು ಕಲೆ ಕಡಿಮೆಯಾಗಬಹುದು. ಹಾಗೇ ಕಣ್ಣಿನ ಕಾವಲೂ ಇಳಿಯಬಹುದು. ಇದನ್ನು ನೋಡಲು ಮಧುರೈನ ಅರವಿಂದ ಕಣ್ಣಾಸ್ಪತ್ರೆ ಮತ್ತು ಅಮೆರಿಕದ ಸಂಸ್ಥೆಗಳು ಸೇರಿ 500 ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ಮಾಡಿದವು. 2012ರಲ್ಲಿ ಫಲಿತಾಂಶ ಬಂತು. ಒಟ್ಟು ಲೆಕ್ಕದಲ್ಲಿ ಮೂರು ತಿಂಗಳ ನಂತರದ ದೃಷ್ಟಿಯಲ್ಲಿ ಫರಕು ಕಾಣಲಿಲ್ಲ. ಆದರೆ ರೋಗಿಗಳ ಕಣ್ಣಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಅವರು ಎಸೆದಿರಲಿಲ್ಲ. ಆಮೇಲೆ ಸೂಡೋಮೊನಾಸ್‌ಗಳನ್ನು ಜೀನ್ ನೋಡಿ ಎರಡು ಪಾಲು ಮಾಡಿದಾಗ ಚಿತ್ರ ಬದಲಾಯಿತು. ಒಳನುಗ್ಗುವ ಎಸ್ ತಳಿ ಇದ್ದವರಲ್ಲಿ ಸ್ಟೀರಾಯ್ಡ್ ಸೇರಿಸಿದ್ದರಿಂದ ಅನುಕೂಲ ಕಂಡಿತು. ಯು ತಳಿಯವರಲ್ಲಿ ಅಂಥ ಅನುಕೂಲ ಕಾಣಲಿಲ್ಲ. ಇನ್ನೊಂದು ತಲೆನೋವೂ ಹೊರಬಿತ್ತು. ಯು ತಳಿಗಳು ಮಾಕ್ಸಿಫ್ಲಾಕ್ಸಸಿನ್ ಜಾತಿಯ ಔಷಧಿಗಳಿಗೆ ಜಾಸ್ತಿ ಜಗ್ಗದಂಥವು. ಎಲ್ಲರನ್ನೂ ಒಂದೇ ಹೆಸರಿನಡಿ ಕೂಡಿಸಿದಾಗ ಈ ವ್ಯತ್ಯಾಸ ಸರಾಸರಿಯಲ್ಲಿ ಮುಳುಗಿಹೋಗಿತ್ತು.

ಇದನ್ನು ಓದಿ ಯಾರೂ ಮೆಡಿಕಲ್ ಅಂಗಡಿಗೆ ಹೋಗಿ ಸ್ಟೀರಾಯ್ಡ್ ಹನಿ ತರಬೇಡಿ, ಕೈಮುಗಿಯುತ್ತೇನೆ. ನಮ್ಮ ಕಡೆ ಹುಣ್ಣು ಬ್ಯಾಕ್ಟೀರಿಯಾದ್ದೇ ಆಗಿರಬೇಕೆಂದಿಲ್ಲ. 1994ರ ಜನವರಿಯಿಂದ ಮಾರ್ಚ್‌ವರೆಗೆ ಮಧುರೈಗೆ ಕಾರ್ನಿಯಾ ಹುಣ್ಣಿನಿಂದ ಬಂದ 434 ಜನರನ್ನು ಪರೀಕ್ಷಿಸಿದ್ದರು. ಲ್ಯಾಬಿನಲ್ಲಿ ಏನಾದರೂ ಬೆಳೆದ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಹೆಚ್ಚುಕಡಿಮೆ ಸಮಸಮ, ಎರಡೂ ಶೇ. 47ರ ಆಸುಪಾಸು. ಶಿಲೀಂಧ್ರದ ಹುಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಬೆಂಕಿಗೆ ಗಾಳಿ ಹಾಕಿದ ಹಾಗೆ. ತೊಗರಿಗೆ ನೆಟೆ ರೋಗ ತರುವ ಫ್ಯುಸೇರಿಯಮ್ ಇದೆಯಲ್ಲ, ಕಣ್ಣು ಕೆಡಿಸುವ ಶಿಲೀಂಧ್ರಗಳಲ್ಲಿ ಅದರ ದಾಯಾದಿಗಳೂ ಇವೆ. ಕೆಲವು ಊರುಗಳಲ್ಲಿ ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವವರು ಈಗಲೂ ಇದ್ದಾರೆ. ಕಸವೇನೋ ಬರುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಗಾಯದಲ್ಲಿ ಉಳಿಯುತ್ತದೆ.

ಜೀನ್ ಓದುವುದರಿಂದ ಉಗ್ರತೆಯ ಜೊತೆಗೆ ಊರೂ ಗೊತ್ತಾಗುತ್ತದೆ. 2022-23ರಲ್ಲಿ ಅಮೆರಿಕದ 18 ರಾಜ್ಯಗಳಲ್ಲಿ 81 ಜನರಿಗೆ ಔಷಧಿಗೆ ಜಗ್ಗದ ಸೂಡೋಮೊನಾಸ್ ತಗುಲಿತು. 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ಸತ್ತರು. ದೂರ ದೂರದ ರೋಗಿಗಳು, ಒಬ್ಬರಿಗೊಬ್ಬರು ಗುರುತಿಲ್ಲ. ಜೀನೋಮ್ ಓದಿದಾಗ ಎಲ್ಲರದೂ ಒಂದೇ ತಳಿ. ಎಳೆ ಹಿಡಿದು ಹೋದರೆ ಭಾರತದಲ್ಲಿ ತಯಾರಾದ ಕೃತಕ ಕಣ್ಣೀರಿನ ಬಾಟಲಿ ಸಿಕ್ಕಿತು. ಒಣಗಿದ ಕಣ್ಣಿಗೆ ತಂಪು ಎಂದು ಹಾಕಿಕೊಂಡ ಹನಿ!

ಜೀನ್ ಪಡೆದು ಉಗ್ರವಾಗುವುದು ಒಂದು ಬಗೆಯಾದರೆ, ಕಳೆದುಕೊಂಡು ಕಣ್ಣಿಗೆ ಒಗ್ಗುವುದು ಇನ್ನೊಂದು. ಟ್ರಕೋಮಾ ತರುವ ಕ್ಲಮೀಡಿಯಾ ಎಂಬ ಬ್ಯಾಕ್ಟೀರಿಯಾ ಹೀಗೆ. ರೆಪ್ಪೆಯ ಒಳಗೆ ಕಲೆ ಕಟ್ಟಿಸಿ, ಕೂದಲು ಒಳಕ್ಕೆ ತಿರುಗಿ ಕಣ್ಣು ಉಜ್ಜುವಂತೆ ಮಾಡುವ ಕಾಯಿಲೆ ಇದು. ಭಾರತದಲ್ಲಿ ಇದು ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಜನನಾಂಗಕ್ಕೆ ತಗಲುವ ಕ್ಲಮೀಡಿಯಾ ತಳಿಗಳಿಗೆ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಮಾಡಿಕೊಳ್ಳುವ ಜೀನ್ ಇದೆ. ಅಕ್ಕಪಕ್ಕದ ಬ್ಯಾಕ್ಟೀರಿಯಾ ಬಿಡುವ ಕಚ್ಚಾ ಸಾಮಾನು ಅವಕ್ಕೆ ಅಲ್ಲಿ ಸಿಗುತ್ತದೆ. ಕಣ್ಣಿನಲ್ಲಿ ಆ ಸಾಮಾನು ಸಿಗುವುದಿಲ್ಲ, ಕಣ್ಣಿನ ತಳಿಗಳಲ್ಲಿ ಆ ಜೀನ್ ಕೆಟ್ಟುಹೋಗಿದೆ. ಇನ್ನು 2008ರ ಒಂದು ಅಧ್ಯಯನದಲ್ಲಿ, ಶೇ. 99ಕ್ಕೂ ಜಾಸ್ತಿ ಹೋಲುವ ಕಣ್ಣಿನ ತಳಿಗಳನ್ನೇ ಮಂಗಗಳ ಕಣ್ಣಿಗೆ ಹಾಕಿ ನೋಡಿದರು. ಕೆಲವು ಬೇಗ ವಾಸಿಯಾದವು, ಕೆಲವು ಹಠ ಹಿಡಿದು ಕೂತವು. ವ್ಯತ್ಯಾಸ ಇದ್ದದ್ದು 22 ಜೀನ್‌ಗಳಲ್ಲಿ ಮಾತ್ರ.

ಹೋದ ತಿಂಗಳು ಆಳಂದಕ್ಕೆ ಹೋದಾಗ ಕಟ್ಟೆಯ ಮೇಲೆ ಕೂತು ಮಾವನಿಗೆ ಇದನ್ನೆಲ್ಲ ಹೇಳಿದೆ. ಅವರ ಕಣ್ಣಿನಲ್ಲಿದ್ದದ್ದು ಎಸ್ಸೋ ಯುವೋ, ಅದು ಈಗ ಯಾರಿಗೂ ಗೊತ್ತಾಗುವಂತಿಲ್ಲ. ಜೀನ್ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿದರೆ ಕೆಲವು ತಾಸಿನಲ್ಲಿ ತಿಳಿಯುತ್ತದೆ, ಆದರೆ ಹುಣ್ಣಿನ ಮಾಮೂಲಿ ಪರೀಕ್ಷೆಯಲ್ಲಿ ಇದನ್ನು ನೋಡುವುದಿಲ್ಲ ಎಂದೆ. ಮಾವ ಒಂದು ಗಳಿಗೆ ಸುಮ್ಮನಿದ್ದು ಒಳಗೆ ಹೋದರು. ಬೀಜದ ಖಾಲಿ ಚೀಲ ತಂದು ನನ್ನ ಮುಂದೆ ಹಾಸಿದರು.

"ನೋಡಪಾ, ನಾಕ್ ಕೆಜಿ ತೊಗರಿ ಬೀಜಕ್ಕ ತಳಿ ಯಾವುದು ಅಂತ ಬರ್ದಾರ. ಕಣ್ಣಿನ ರಿಪೋರ್ಟ್‌ದಾಗ ಯಾಕ ಬರಿಯಂಗಿಲ್ಲ?"

ಈ ವರ್ಷದ ರಾಶಿಗೆಂದು ಸೂಪರ್ ಮಾರ್ಕೆಟ್ಟಿನಿಂದ ತರಿಸಿದ ಎರಡು ಪ್ಲಾಸ್ಟಿಕ್ ಗಾಗಲ್ ಗೂಟಕ್ಕೆ ತೂಗುಬಿದ್ದಿದ್ದವು. ಒಂದು ಅವರಿಗೆ, ಒಂದು ಮಿಷನ್ ನಡೆಸುವ ಹುಡುಗನಿಗೆ.