ಫೋನು ಕದ್ದು ಕೇಳಬೇಕಾಗಿಲ್ಲ, ಕೋಷ್ಟಕ ಸಾಕು

“ಮನ್ಯಾಗ ಕುಂತು ತೊಗರಿ ಹುಳದ ಮಾತಾಡಿದ್ವಿ. ಸಂಜೀಗಿ ಮೊಬೈಲ್‌ನ್ಯಾಗ ಅದೇ ಔಷಧದ ವಿಡಿಯೊ ಬಂತ್ರಿ. ಕದ್ದು ಕೇಳ್ತದ ಅದು!” ಸೇಡಂ, ಚಿತ್ತಾಪುರದ ಕಡೆ ಹೋದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಓದಿದವರೂ ಹೌದೆಂದು ತಲೆಯಾಡಿಸುತ್ತಾರಲ್ಲ, ಅದು ನನಗೆ ಸಹಿಸಲಾಗದು. ತೊಗರಿ ಹೂಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕದ ಕಾಟ ನಿಮ್ಮ ಹೊಲವೊಂದಕ್ಕೇ ಅಲ್ಲ, ಜಿಲ್ಲೆಗೆಲ್ಲ. ನಿಮ್ಮ ಹಾಗೆಯೇ ಬೀಜೋಪಚಾರ, ಗೊಬ್ಬರದ ವಿಡಿಯೊ ನೋಡಿದ್ದವರು ಈಗ ಹುಳದ ವಿಡಿಯೊ ಒತ್ತುತ್ತಿದ್ದರೆ, ನಿಮಗೂ ಅದೇ ಬೇಕೆಂದು ಊಹಿಸಲು ಕಿವಿ ಯಾಕೆ ಬೇಕು?

ಈ ಊಹೆ ನಡೆಯುವುದು ದೈತ್ಯ ಕೋಷ್ಟಕವೊಂದರಲ್ಲಿ. ಅಡ್ಡಸಾಲಿಗೊಬ್ಬ ವೀಕ್ಷಕ, ಕಂಬಸಾಲಿಗೊಂದು ಸಿನಿಮಾ ಇಲ್ಲವೆ ವಿಡಿಯೊ; ಎರಡೂ ಕೂಡುವ ಮನೆಯಲ್ಲಿ ಆತ ಅದಕ್ಕೆ ಕೊಟ್ಟ ಅಂಕ. 2006ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇಂಥದೊಂದನ್ನು ಬಯಲಿಗಿಟ್ಟು, ತನ್ನ ಊಹೆಯ ತಪ್ಪನ್ನು ಶೇ 10ರಷ್ಟು ಇಳಿಸಿದವರಿಗೆ 10 ಲಕ್ಷ ಡಾಲರ್ ಎಂದು ಸಾರಿತು. 4,80,189 ವೀಕ್ಷಕರು, 17,770 ಸಿನಿಮಾ. ಗುಣಿಸಿದರೆ ಸುಮಾರು 853 ಕೋಟಿ ಮನೆ. ತುಂಬಿದ್ದು ಹತ್ತು ಕೋಟಿ ಚಿಲ್ಲರೆ, ಉಳಿದದ್ದೆಲ್ಲ ಖಾಲಿ. ಅದೇ ಡಿಸೆಂಬರ್‌ನಲ್ಲಿ ಸೈಮನ್ ಫಂಕ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸ್ಪರ್ಧಿಯೊಬ್ಬ ತನ್ನ ಉಪಾಯವನ್ನು ಎಲ್ಲರೆದುರು ಬಿಚ್ಚಿಟ್ಟ. ಅಷ್ಟು ದೊಡ್ಡ ಹಣ ಕಣ್ಣೆದುರಿಗಿದ್ದಾಗ! 2009ರಲ್ಲಿ ಬಹುಮಾನ ಬೇರೆ ತಂಡಕ್ಕೆ ಹೋಯಿತು, ಆದರೆ ನನಗೆ ನೆನಪಲ್ಲಿ ಉಳಿಯುವವನು ಫಂಕ್.

ಉಪಾಯ ಇಷ್ಟು. ಪ್ರತಿ ವೀಕ್ಷಕನಿಗೆ, ಉದಾಹರಣೆಗೆ, 50 ಅಂಕಿ, ಪ್ರತಿ ಸಿನಿಮಾಕ್ಕೂ 50. ಜೋಡಿಜೋಡಿಯಾಗಿ ಗುಣಿಸಿ ಕೂಡಿದರೆ ಬರುವುದೇ ಊಹೆ. 853 ಕೋಟಿ ಮನೆಗಳ ಸಾರ ಎರಡೂವರೆ ಕೋಟಿ ಅಂಕಿಗಳಲ್ಲಿ! ಮೊದಲು ಬಾಯಿಗೆ ಬಂದ ಅಂಕಿ ಹಾಕುತ್ತಾರೆ. ತುಂಬಿದ ಮನೆಯೊಂದನ್ನು ತೆಗೆದು, ಊಹಿಸಿ, ಎಷ್ಟು ತಪ್ಪಿತೆಂದು ನೋಡಿ, ಆ ಸಾಲು ಮತ್ತು ಕಂಬದ ಅಂಕಿಗಳನ್ನು ಚೂರು ಸರಿಸುತ್ತಾರೆ. ಮತ್ತೆ, ಮತ್ತೆ. ಹಾಸ್ಯ ಯಾವುದು, ತತ್ವಪದ ಯಾವುದು ಎಂದು ಯಾರೂ ಹೇಳಿಕೊಡದೆ ಅಂಕಿಗಳೇ ಬೇರೆಬೇರೆಯಾಗುತ್ತವೆ.

ಕೋಟ್ಯಂತರ ಜನರಿದ್ದರೆ ಒಂದು ಯಂತ್ರಕ್ಕೆ ಇದು ಆಗದ ಕೆಲಸ. ಹಂಚೋಣವೆಂದರೆ ಎರಡು ಯಂತ್ರ ಒಂದೇ ಸಿನಿಮಾದ ಅಂಕಿಗೆ ಕೈಹಾಕಿ ಒಂದರ ಕೆಲಸ ಇನ್ನೊಂದು ಕೆಡಿಸುತ್ತದೆ. 2011ರಲ್ಲಿ ಕಂಪ್ಯೂಟರ್ ವಿಜ್ಞಾನಿ ರೈನರ್ ಗೆಮುಲ್ಲಾ ಮತ್ತು ಸಂಗಡಿಗರು ಕೊಟ್ಟ ಪರಿಹಾರ ಚದುರಂಗದ ಆನೆಗಳದ್ದು. ಕೋಷ್ಟಕವನ್ನು ನಾಲ್ಕಕ್ಕೆ ನಾಲ್ಕು, 16 ತುಂಡು ಮಾಡಿ; ಒಂದನ್ನೊಂದು ಹೊಡೆಯದ ಹಾಗೆ ನಾಲ್ಕು ಆನೆ ಇಡಿ. ಯಾವೆರಡು ಆನೆಗೂ ಸಾಲು ಒಂದಲ್ಲ, ಕಂಬ ಒಂದಲ್ಲ. ನಾಲ್ಕು ಯಂತ್ರ ಒಟ್ಟಿಗೆ ದುಡಿಯಲಿ, ಮುಗಿದ ಮೇಲೆ ಎಲ್ಲ ಆನೆ ಒಂದೊಂದು ತುಂಡು ಬಲಕ್ಕೆ, ಕೊನೆಯಲ್ಲಿದ್ದದ್ದು ಮತ್ತೆ ಎಡತುದಿಗೆ. ನಾಲ್ಕು ಸುತ್ತಿಗೆ ಕೋಷ್ಟಕ ಪೂರ್ತಿ. ಇನ್ನೊಂದು ದಾರಿಯೂ ಇದೆ: ಸಿನಿಮಾಗಳ ಅಂಕಿ ಅಲುಗಿಸದೆ ಪ್ರತಿ ವೀಕ್ಷಕನದನ್ನು ಬಿಡಿಸುವುದು, ಆಮೇಲೆ ತಿರುಗಾಮುರುಗಾ. ಒಬ್ಬನ ಲೆಕ್ಕಕ್ಕೆ ಇನ್ನೊಬ್ಬನ ಹಂಗಿಲ್ಲ. ಸ್ಪಾರ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ.

ನನಗೆ ಚಿಂತೆ ಬೇರೆಯೇ ಇದೆ. ಯಾದಗಿರಿಯ ಹಳ್ಳಿಯ ಭಜನಾ ಮೇಳವೊಂದು ಇವತ್ತು ಹಾಕಿದ ತತ್ವಪದದ ವಿಡಿಯೊಗೆ ಕಂಬಸಾಲಿನಲ್ಲಿ ಒಂದು ಮನೆಯೂ ತುಂಬಿಲ್ಲ. ಈ ಗಣಿತಕ್ಕೆ ಅದು ಕಾಣುವುದೇ ಇಲ್ಲ. ಯಾರೋ ಕೆಲವರಿಗೆ ಬೇಕೆಂದೇ ತೋರಿಸಿ ನೋಡುವ ವ್ಯವಸ್ಥೆ ಇಲ್ಲದಿದ್ದರೆ ಅದು ಹಾಗೆಯೇ ಖಾಲಿ ಉಳಿಯುತ್ತದೆ.