ಚಿಂಪಾಂಜಿಗಳ ಸ್ಥಳಸ್ಮೃತಿ: ಮೆಂಜೆಲ್ ಅವರ ಬಯಲಿನಿಂದ ಅಯುಮುವಿನ ಪರದೆಯವರೆಗೆ

ತುಮಕೂರಿನಲ್ಲಿ ನನ್ನೊಂದಿಗೆ ಮನಃಶಾಸ್ತ್ರದ ಸ್ನಾತಕೋತ್ತರ ಪರೀಕ್ಷೆಗೆ ಕನ್ನಡದಲ್ಲಿ ಉತ್ತರ ಬರೆಯಲು ಸಿದ್ಧರಾಗುತ್ತಿರುವವರಿಗಾಗಿ, ಪ್ರಾಣಿಗಳ ಸ್ಮೃತಿಯ ಘಟಕದಿಂದ ಚಿಂಪಾಂಜಿಯ ಭಾಗವನ್ನಷ್ಟೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಓದುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಪ್ರಾಣಿಗೆ ಜಾಗ ನೆನಪಿದೆಯೇ ಎಂಬುದು ಒಂದು ಪ್ರಶ್ನೆ. ಆ ನೆನಪು ಯಾವ ರೂಪದಲ್ಲಿದೆ, ನಡೆದ ದಾರಿಗಳ ಸರಣಿಯಾಗಿಯೋ ಇಡೀ ಬಯಲಿನ ಮನೋನಕ್ಷೆಯಾಗಿಯೋ (ಯಾವ ಜಾಗ ಎಲ್ಲಿದೆ ಎಂದು ತಲೆಯೊಳಗೆ ಇಟ್ಟುಕೊಂಡ ನಕ್ಷೆ) ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾಕ್ಷ್ಯ ಧಾರಾಳವಾಗಿದೆ. ಎರಡನೆಯದಕ್ಕೆ ಒಂದೊಂದು ಪ್ರಯೋಗವನ್ನೂ ಜರಡಿ ಹಿಡಿಯಬೇಕಾಗುತ್ತದೆ. ಇಲಿಗಳ ಪ್ರಯೋಗಗಳಿಂದ ಟೋಲ್ಮನ್ 1948ರಲ್ಲಿ ಮುಂದಿಟ್ಟ ಮನೋನಕ್ಷೆಯ ಕಲ್ಪನೆ ಎಲ್ಲರಿಗೂ ತಿಳಿದಿರುವುದರಿಂದ ಅದನ್ನು ಬಿಟ್ಟಿದ್ದೇನೆ.

ಮೆಂಜೆಲ್, 1973

ಎಮಿಲ್ ಮೆಂಜೆಲ್ ಅವರ ಪ್ರಯೋಗ ನಡೆದದ್ದು ಅಮೆರಿಕದ ಲೂಸಿಯಾನಾದಲ್ಲಿ, ಸುಮಾರು ಒಂದು ಎಕರೆಯ, ಅಂದರೆ ನಮ್ಮ ಲೆಕ್ಕದಲ್ಲಿ 40 ಗುಂಟೆಯ ಬೇಲಿ ಹಾಕಿದ ಬಯಲಿನಲ್ಲಿ. ಒಬ್ಬರು ಒಂದು ಎಳೆಯ ಚಿಂಪಾಂಜಿಯನ್ನು ಎತ್ತಿಕೊಂಡು ಸುತ್ತುತ್ತಿದ್ದರು, ಇನ್ನೊಬ್ಬರು ಅದರ ಕಣ್ಣೆದುರಿನಲ್ಲೇ 18 ಕಡೆ ಆಹಾರ ಬಚ್ಚಿಡುತ್ತಿದ್ದರು. ಆಮೇಲೆ ಆ ಚಿಂಪಾಂಜಿಯನ್ನೂ, ಬಚ್ಚಿಟ್ಟದ್ದನ್ನು ನೋಡಿರದ ಅದರ ಜೊತೆಗಾರರನ್ನೂ ಒಟ್ಟಿಗೆ ಬಯಲಿಗೆ ಬಿಡಲಾಯಿತು. ನೋಡಿದ್ದ ಚಿಂಪಾಂಜಿ ಸರಾಸರಿ 12ಕ್ಕಿಂತ ಸ್ವಲ್ಪ ಹೆಚ್ಚು ಕಡೆ ಆಹಾರ ಹುಡುಕಿ ತೆಗೆಯಿತು; ನೋಡದವುಗಳ ಸರಾಸರಿ ಒಂದನ್ನೂ ಮುಟ್ಟಲಿಲ್ಲ.

ಈ ನೋಡದ ಜೊತೆಗಾರರೇ ಪ್ರಯೋಗದ ಬೆನ್ನೆಲುಬು. ದೇವರಾಯನದುರ್ಗದ ಮೆಟ್ಟಿಲ ಬಳಿ ಕೋತಿಯೊಂದು ನೇರವಾಗಿ ಬಾಳೆಹಣ್ಣಿನ ಚೀಲಕ್ಕೇ ಕೈ ಹಾಕಿದರೆ, ಅದು ವಾಸನೆಯಿಂದಲೋ, ಚೀಲದ ಆಕಾರ ಕಂಡೋ, ನಿನ್ನೆಯ ನೆನಪಿನಿಂದಲೋ ಎಂದು ಹೇಳಲಾಗದು. ಮೆಂಜೆಲ್ ಅವರ ಬಯಲಿನಲ್ಲಿ ಮೂಗು ಎಲ್ಲಕ್ಕೂ ಒಂದೇ ಆಗಿತ್ತು, ಬಯಲೂ ಒಂದೇ ಆಗಿತ್ತು. ಬೇರೆಯಾಗಿದ್ದದ್ದು ನೋಡಿದ್ದು ಮಾತ್ರ.

ರೂಪದ ಪ್ರಶ್ನೆಗೆ ಉತ್ತರ ಸಿಗುವುದು ಅವು ನಡೆದ ದಾರಿಯಲ್ಲಿ. ಎತ್ತಿಕೊಂಡು ಹೋದ ದಾರಿ ಬೇಕೆಂದೇ ಸುತ್ತುಬಳಸಾಗಿತ್ತು, ಆದರೆ ಚಿಂಪಾಂಜಿ ಅದನ್ನು ಮರುನಡೆಯದೆ ಹತ್ತಿರಹತ್ತಿರದ ಜಾಗಗಳನ್ನು ಸೇರಿಸಿಕೊಂಡು ತನ್ನದೇ ಆದ, ಕಡಿಮೆ ದೂರದ ದಾರಿ ಹಿಡಿಯಿತು. ಅರ್ಧ ಜಾಗಗಳಲ್ಲಿ ಹಣ್ಣು, ಅರ್ಧದಲ್ಲಿ ತರಕಾರಿ ಇಟ್ಟಾಗ ಮೊದಲು ಹಣ್ಣಿನ ಕಡೆಗೇ ಹೋದವು, ಅಂದರೆ ಎಲ್ಲಿ ಎಂಬುದರ ಜೊತೆಗೆ ಏನು ಎಂಬುದೂ ನೆನಪಿನಲ್ಲಿತ್ತು.

ತಾಯ್ ಕಾಡು

ಐವರಿ ಕೋಸ್ಟ್‌ನ ತಾಯ್ ಕಾಡಿನಲ್ಲಿ ಬೋಷ್ ದಂಪತಿ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಪಾಂಡಾ ಎಂಬ ಮರದ ಬೀಜ ಬಹಳ ಗಟ್ಟಿ, ಅದನ್ನು ಒಡೆಯಲು ಭಾರವಾದ ಕಲ್ಲು ಬೇಕು, ಅಂಥ ಕಲ್ಲುಗಳು ಆ ಕಾಡಿನಲ್ಲಿ ವಿರಳ. ದಟ್ಟ ಕಾಡಾದ್ದರಿಂದ ಮರದ ಬಳಿ ನಿಂತರೆ ಕಲ್ಲು ಕಾಣುವುದಿಲ್ಲ. ಹಾಗಿದ್ದೂ ಚಿಂಪಾಂಜಿಗಳು ಹೊರುವ ದೂರ ಕಡಿಮೆಯಾಗುವಂತೆ ಕಲ್ಲನ್ನು ಆರಿಸುತ್ತಿದ್ದವು. ಕಣ್ಣಿಗೆ ಕಾಣದ ಎರಡು ದೂರಗಳನ್ನು ತಲೆಯೊಳಗೆ ಹೋಲಿಸದೆ ಇದು ಆಗದು.

ಅಯುಮು ಮತ್ತು ಐದು ಅಂಕೆಗಳು

ಇನೋಯೆ ಮತ್ತು ಮಾತ್ಸುಜಾವಾ ಅವರ 2007ರ ಪ್ರಬಂಧವನ್ನು ಪಠ್ಯಗಳು ಕಾರ್ಯಸ್ಮೃತಿಯ (ಕೈಯಲ್ಲಿರುವ ಕೆಲಸಕ್ಕಾಗಿ ಸ್ವಲ್ಪ ಹೊತ್ತು ಹಿಡಿದಿಡುವ ನೆನಪು) ಅಡಿಯಲ್ಲಿ ಸೇರಿಸುತ್ತವೆ, ಆದರೆ ನನ್ನ ದೃಷ್ಟಿಯಲ್ಲಿ ಇದು ಮೂಲತಃ ಜಾಗದ ನೆನಪಿನ ಪರೀಕ್ಷೆ: ಯಾವ ಅಂಕೆ ಎಲ್ಲಿತ್ತು ಎಂಬುದೇ ಇಲ್ಲಿಯ ಕೆಲಸ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಐ ಎಂಬ ಹೆಣ್ಣು ಚಿಂಪಾಂಜಿಯೂ 2000ದಲ್ಲಿ ಹುಟ್ಟಿದ ಅದರ ಮಗ ಅಯುಮುವೂ ಸ್ಪರ್ಶಪರದೆಯ ಮೇಲಿನ ಅಂಕೆಗಳನ್ನು ಏರಿಕೆಯ ಕ್ರಮದಲ್ಲಿ ಮುಟ್ಟಲು ಕಲಿತಿದ್ದವು.

ಪರೀಕ್ಷೆಗೆ ಎರಡು ಬಗೆಗಳಿವೆ, ಇವೆರಡನ್ನು ಬೆರೆಸಿದರೆ ಫಲಿತಾಂಶ ಅರ್ಥವಾಗುವುದೇ ಇಲ್ಲ. ಮೊದಲ ಬಗೆಯಲ್ಲಿ ಪ್ರಾಣಿ ಮೊದಲ ಅಂಕೆಯನ್ನು ಮುಟ್ಟಿದ ಕೂಡಲೇ ಉಳಿದವು ಬಿಳಿ ಚೌಕಗಳಾಗುತ್ತವೆ. ಇಲ್ಲಿ ಎಷ್ಟು ಹೊತ್ತು ನೋಡಬೇಕೆಂಬುದು ಪ್ರಾಣಿಯ ಕೈಯಲ್ಲಿದೆ, ಮೊದಲ ಅಂಕೆಯೂ ಕಣ್ಣೆದುರಿಗೇ ಇರುತ್ತದೆ. ಎರಡನೆಯ ಬಗೆಯಲ್ಲಿ ಐದು ಅಂಕೆಗಳು ಗೊತ್ತುಪಡಿಸಿದ ಹೊತ್ತು ಮಾತ್ರ, ಅಂದರೆ 650, 430 ಅಥವಾ 210 ಮಿಲಿಸೆಕೆಂಡ್ ಮಾತ್ರ ಕಂಡು, ಮೊದಲನೆಯದೂ ಸೇರಿದಂತೆ ಎಲ್ಲವೂ ಒಟ್ಟಿಗೆ ಚೌಕಗಳಾಗುತ್ತವೆ. 210 ಮಿಲಿಸೆಕೆಂಡಿನಲ್ಲಿ ಕಣ್ಣು ಒಂದು ಜಾಗದಿಂದ ಇನ್ನೊಂದಕ್ಕೆ ಹೊರಳಿ ಒಂದೊಂದನ್ನೇ ನೋಡಿ ಮುಗಿಸಲು ಸಮಯವಿಲ್ಲ. ಇಡೀ ಪರದೆಯನ್ನು ಒಂದೇ ನೋಟದಲ್ಲಿ ಹಿಡಿಯಬೇಕು. ಪ್ರಯೋಗದ ತೂಕವೆಲ್ಲ ಈ 210ರ ಮೇಲೆ ನಿಂತಿದೆ.

ಅಯುಮುವಿನ ಸರಿಯುತ್ತರ ಮೂರು ಅವಧಿಗಳಲ್ಲೂ ಸುಮಾರು ಶೇ 80ರಲ್ಲೇ ಉಳಿಯಿತು. ಮನುಷ್ಯರು 650ರಲ್ಲಿ ಅದರ ಸರಿಸಮವಾಗಿದ್ದು, 210ಕ್ಕೆ ಬಂದಾಗ ಸುಮಾರು ಶೇ 40ಕ್ಕೆ ಇಳಿದರು. ಐ ಕೂಡ ಇಳಿಯಿತು.

ಈ ಶೇಕಡಾಗಳ ಅರ್ಥ ತಿಳಿಯಲು ಒಂದು ಸುಲಭ ಲೆಕ್ಕವಿದೆ. ಏನೂ ನೆನಪಿಲ್ಲದೆ ಐದು ಚೌಕಗಳನ್ನು ಮನಬಂದಂತೆ ಮುಟ್ಟಿದರೆ ಸರಿಯಾಗುವ ಸಾಧ್ಯತೆ 5×4×3×2×1, ಅಂದರೆ 120ರಲ್ಲಿ ಒಂದು. ಮೊದಲ ಅಂಕೆಯ ಜಾಗ ಮಾತ್ರ ನೆನಪಿದ್ದರೆ 24ರಲ್ಲಿ ಒಂದು, ಮೊದಲ ಎರಡು ನೆನಪಿದ್ದರೆ 6ರಲ್ಲಿ ಒಂದು, ಅಂದರೆ ಸುಮಾರು ಶೇ 17. ಮೂರು ನೆನಪಿದ್ದರೆ ಉಳಿದ ಎರಡರಲ್ಲಿ ಊಹೆಯೇ ಶೇ 50 ಕೊಡುತ್ತದೆ. ನಾಲ್ಕು ನೆನಪಿದ್ದರೆ ಐದನೆಯದು ತಾನಾಗಿಯೇ ಉಳಿಯುವುದರಿಂದ ಶೇ 100. ಆದ್ದರಿಂದ ಐದು ಅಂಕೆಯ ಪರೀಕ್ಷೆ ನಿಜವಾಗಿ ನಾಲ್ಕು ಜಾಗಗಳ ನೆನಪಿನ ಪರೀಕ್ಷೆ. ಈ ಅಳತೆಗೋಲಿನಲ್ಲಿ ಮನುಷ್ಯರ ಶೇ 40 ಎರಡಕ್ಕೂ ಮೂರಕ್ಕೂ ನಡುವೆ ಬೀಳುತ್ತದೆ, ಮೂರಕ್ಕೇ ಹೆಚ್ಚು ಹತ್ತಿರ; ಅಯುಮುವಿನ ಶೇ 80 ಮೂರಕ್ಕೂ ನಾಲ್ಕಕ್ಕೂ ನಡುವೆ. ಶೇಕಡಾದಲ್ಲಿ ಇಮ್ಮಡಿಯಾಗಿ ಕಾಣುವ ಅಂತರ ಜಾಗಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಜಾಗದ್ದು. ಪ್ರಬಂಧದಲ್ಲಿ ಈ ಲೆಕ್ಕ ಹೀಗೆ ಇಲ್ಲ, ಇದು ನಾನು ಹಾಕಿಕೊಂಡದ್ದು. ಪ್ರತಿ ಸುತ್ತಿನಲ್ಲೂ ಚಿಕ್ಕ ಅಂಕೆಗಳೇ ಮೊದಲು ನೆನಪಾಗುತ್ತವೆ ಎಂಬ ಊಹೆ ಇದರೊಳಗೆ ಸೇರಿದೆ.

ಲೇಖಕರು ಇದನ್ನು ಕೆಲವು ಮಕ್ಕಳಲ್ಲಿ ಕಾಣುವ ಚಿತ್ರಸ್ಮೃತಿಗೆ (ಕಂಡದ್ದನ್ನು ಚಿತ್ರದಂತೆಯೇ ಹಿಡಿದಿಡುವ ನೆನಪು) ಹೋಲಿಸಿ, ವಯಸ್ಸಾದಂತೆ ಅದು ಕುಂದುವುದೆಂದು ಸೂಚಿಸಿದರು. ಮಗ ಗೆದ್ದು ತಾಯಿ ಇಳಿದದ್ದು ಅದಕ್ಕೆ ಹೊಂದುತ್ತದೆ. ಆದರೆ ಅಯುಮುವಿಗೆ ದೀರ್ಘ ಅಭ್ಯಾಸವಿತ್ತು, ಹೋಲಿಕೆಗೆ ಕೂರಿಸಿದ ಮನುಷ್ಯರಿಗೆ ಅಷ್ಟಿರಲಿಲ್ಲ. 2009ರಲ್ಲಿ ಸಿಲ್ಬರ್‌ಬರ್ಗ್ ಮತ್ತು ಕರ್ನ್ಸ್ ಅವರು ಮನುಷ್ಯರೂ ಸಾಕಷ್ಟು ಅಭ್ಯಾಸ ಮಾಡಿದರೆ ಅಯುಮುವಿನ ಮಟ್ಟ ತಲುಪುತ್ತಾರೆಂದು ತೋರಿಸಿದರು. ಹೀಗಾಗಿ ‘ಚಿಂಪಾಂಜಿಯ ಸ್ಮೃತಿ ಮನುಷ್ಯನಿಗಿಂತ ಮೇಲು’ ಎಂಬ ಸಾಲನ್ನು ಉತ್ತರಪತ್ರಿಕೆಯಲ್ಲಿ ಬರೆಯುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಒಂದೇ ನೋಟದಲ್ಲಿ ನಾಲ್ಕು ಜಾಗಗಳನ್ನು ಹಿಡಿದಿಡಲು ಚಿಂಪಾಂಜಿಗೂ ಸಾಧ್ಯ ಎಂಬುದಷ್ಟೇ ಅಲುಗಾಡದ ತೀರ್ಮಾನ.

ಮುಂಜಾನೆಯ ಅತ್ತಿಹಣ್ಣು

ಕಾರ್ಲೈನ್ ಯಾನ್ಮಾಟ್ ಮತ್ತು ಸಂಗಡಿಗರ 2014ರ ಅಧ್ಯಯನವೂ ತಾಯ್ ಕಾಡಿನದೇ. ಅತ್ತಿಯ ಜಾತಿಯ, ಬೇಗ ಖಾಲಿಯಾಗುವ ಹಣ್ಣನ್ನು ಬೆಳಗಿನ ಊಟವಾಗಿ ತಿನ್ನುವ ದಿನ ಹೆಣ್ಣು ಚಿಂಪಾಂಜಿಗಳು ಗೂಡು ಬಿಟ್ಟು ಬೇಗ, ಎಷ್ಟೋ ಸಲ ಕತ್ತಲಿರುವಾಗಲೇ ಹೊರಡುತ್ತಿದ್ದವು; ಮರ ದೂರವಿದ್ದಷ್ಟೂ ಇನ್ನೂ ಬೇಗ. ಹೊರಡುವ ಮುನ್ನವೇ ದೂರ ತಿಳಿದಿತ್ತೆಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಆದರೆ ದೂರದ ಅರಿವು ಮನೋನಕ್ಷೆಯಿಂದಲೇ ಬರಬೇಕೆಂದಿಲ್ಲ, ಹಿಂದೆ ಅದೇ ದಾರಿಯಲ್ಲಿ ನಡೆಯಲು ಹಿಡಿದ ಹೊತ್ತಿನ ನೆನಪಿನಿಂದಲೂ ಬರಬಹುದು. ಆದ್ದರಿಂದ ಇದನ್ನು ಮೆಂಜೆಲ್ ಅವರ ಪ್ರಯೋಗದ ಜೊತೆ ನಕ್ಷೆಯ ಸಾಕ್ಷ್ಯವಾಗಿ ಬರೆಯದೆ, ಮುಂಗಡ ಯೋಜನೆಯ ತಲೆಬರಹದ ಕೆಳಗೆ ಬರೆದುಕೊಂಡಿದ್ದೇನೆ.