ಪದ ಪರಿಚಯ: ಹಾರ್ಡ್ ಕೋಟಿಂಗ್

ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ರೂಟರ್ ಬಿಟ್ (ಮರದಲ್ಲಿ ಗಾಡಿ, ಅಂಚು ಕೊರೆಯುವ ಯಂತ್ರದ ತಿರುಗುವ ಅಲಗು) ಕೇಳಿದರೆ ಬೂದು ಬಣ್ಣದ್ದೊಂದು, ಬಂಗಾರದ ಬಣ್ಣದ್ದೊಂದು ಮುಂದಿಡುತ್ತಾರೆ. ಬಂಗಾರದ್ದಕ್ಕೆ ರೇಟು ಜಾಸ್ತಿ. ಅದರ ಮೇಲಿರುವುದು ಟೈಟೇನಿಯಂ ನೈಟ್ರೈಡ್ ಎಂಬ ಗಟ್ಟಿ ಲೇಪ, ಅಂದರೆ ಹಾರ್ಡ್ ಕೋಟಿಂಗ್. ಅಗ್ಗದ ಮಾಲಿಗೆ ಬರೀ ಬಣ್ಣ ಹಚ್ಚಿರುವುದೂ ಉಂಟು, ಅದು ಬೇರೆ ಮಾತು.

ಲೇಪದ ದಪ್ಪ ಸಾಮಾನ್ಯವಾಗಿ 2ರಿಂದ 4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಟೈಟೇನಿಯಂ ಆವಿಯಾಗಿಸಿ, ನೈಟ್ರೋಜನ್ ಬಿಟ್ಟು, ಎರಡೂ ಕೂಡಿ ಅಲಗಿನ ಮೇಲೆ ಕೂರುವಂತೆ ಮಾಡುತ್ತಾರೆ. ಈ ವಿಧಾನಕ್ಕೆ ಪಿವಿಡಿ (ಫಿಸಿಕಲ್ ವೇಪರ್ ಡಿಪಾಸಿಷನ್) ಎಂದು ಹೆಸರು. ಒಳಗಿನ ಬಿಸಿ ಸಾಮಾನ್ಯವಾಗಿ 400–500 ಡಿಗ್ರಿ ಸೆಲ್ಸಿಯಸ್. ಯಂತ್ರದ ಅಲಗುಗಳಿಗೆ ಬಳಸುವ ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕು ಇದನ್ನು ತಡೆಯುತ್ತದೆ. ಬಡಗಿಯ ಸಾಮಾನ್ಯ ಉಳಿ ತಡೆಯುವುದಿಲ್ಲ, ಹದ ಹೋಗಿ ಮೆತ್ತಗಾಗುತ್ತದೆ.

ಲಾಭ ಎಲ್ಲಿಂದ ಬರುತ್ತದೆ? ಸಾಗುವಾನಿಯನ್ನೇ ನೋಡಿ. ಕೊಯ್ಯಲು ಮೆದು, ಆದರೂ ಬ್ಲೇಡು ಬೇಗ ಮೊಂಡಾಗುತ್ತದೆ, ಏಕೆಂದರೆ ಮರದೊಳಗೆ ಸಿಲಿಕಾ ಇದೆ. ಗಟ್ಟಿತನ ಅಳೆಯುವ ವಿಕರ್ಸ್ ಅಳತೆಯಲ್ಲಿ ಹೈಸ್ಪೀಡ್ ಸ್ಟೀಲ್ ಸುಮಾರು 850, ಮರಳಿನ ಕ್ವಾರ್ಟ್ಜ್ 1,100ರ ಆಸುಪಾಸು, ಟೈಟೇನಿಯಂ ನೈಟ್ರೈಡ್ 2,300. ಮರಳಿನಂಥ ಕಣ ಬರೀ ಉಕ್ಕನ್ನು ಗೀರುತ್ತದೆ, ಲೇಪವನ್ನು ಗೀರಲಾರದು.

ಚಿತ್ರದುರ್ಗದ ಕಡೆಯ ಕರಿಜಾಲಿಯದು ಇನ್ನೊಂದು ತಕರಾರು. ಚರ್ಮ ಹದ ಮಾಡಲು ಇದರ ತೊಗಟೆ ಬಳಸುವುದು ಟ್ಯಾನಿನ್ ಎಂಬ ಒಗರು ಹುಳಿಗಾಗಿಯೇ. ಹಸಿ ಜಾಲಿ ಕೊಯ್ದರೆ ಉಕ್ಕು ಕಪ್ಪಗಾಗುತ್ತದೆ. ಕಾರ್ಬೈಡ್ ತುದಿಯಲ್ಲಾದರೆ (ಉಕ್ಕಿಗಿಂತ ಗಟ್ಟಿಯಾದ ಟಂಗ್‌ಸ್ಟನ್ ಕಾರ್ಬೈಡ್ ಕಣಗಳ ತುಂಡು) ಕಣಗಳನ್ನು ಹಿಡಿದಿಟ್ಟ ಕೋಬಾಲ್ಟ್ ಆ ಹುಳಿಗೆ ಕರಗಿ, ಕಣಗಳು ಒಂದೊಂದೇ ಉದುರುತ್ತವೆ. ಇಲ್ಲಿ ಬಂಗಾರದ ಬಣ್ಣಕ್ಕಿಂತ ಬೆಳ್ಳಿ-ಬೂದಿನ ಕ್ರೋಮಿಯಂ ನೈಟ್ರೈಡ್ ಮೇಲು. ಗಟ್ಟಿತನ ಸ್ವಲ್ಪ ಕಡಿಮೆ, ಆದರೆ ತುಕ್ಕು ತಡೆಯುತ್ತದೆ.

ಹಿಂದೆ ಲೇತ್ (ಲೋಹ ಕಡೆಯುವ ಯಂತ್ರ) ತಯಾರಿಕೆಗೆ ಹೆಸರಾಗಿದ್ದ ಹರಿಹರದಂಥ ಊರಿನ ಸುತ್ತ ಕಬ್ಬಿಣ ಕಡಿಯುವವರು ಕೋಟಿಂಗನ್ನು ಹೊಗಳುತ್ತಾರೆ. ಆ ಲೆಕ್ಕವನ್ನು ಹಾಗೇ ಮರಕ್ಕೆ ತರಬಾರದು. ಕಬ್ಬಿಣ ಕಡಿಯುವ ತುದಿ ದಪ್ಪ, 80–90 ಡಿಗ್ರಿ. ಮರದ ಅಲಗಿನ ಬಾಯಿ 40–55 ಡಿಗ್ರಿ, ತೆಳು. ಕೆಳಗೆ ಆಧಾರವಿಲ್ಲದ ಗಟ್ಟಿ ಲೇಪ ಗಂಟು ತಾಗಿದರೆ ಚೂರಾಗಿ ಎದ್ದುಹೋಗುತ್ತದೆ, ಹೋಗುವಾಗ ಉಕ್ಕನ್ನೂ ಕಿತ್ತುಕೊಂಡು ಹೋಗುತ್ತದೆ. ದಪ್ಪ ಲೇಪವಾದರೆ ಬಾಯಿಯೇ ದುಂಡಗಾಗುತ್ತದೆ. ಮರಕ್ಕೆ 1–2 ಮೈಕ್ರಾನ್ ಸಾಕು ಎನ್ನುವುದು ಅದಕ್ಕೇ.

ಲೇಪ ಕಿತ್ತುಬರುವ ದೂರುಗಳಲ್ಲಿ ಎಷ್ಟೋ ಲೇಪದ ತಪ್ಪಲ್ಲ, ಸಾಣೆಯ ತಪ್ಪು. ಸಾಣೆ ಹಿಡಿದಾಗ ಅಂಚಿನಲ್ಲಿ ರೋಮದಂತೆ ನಿಲ್ಲುವ ಬರ್ ತೆಗೆಯದೆ ಕೊಟ್ಟರೆ, ಲೇಪ ಬರ್ ಮೇಲೆ ಕೂತು, ಮೊದಲ ಹಲಗೆಯಲ್ಲೇ ಅದರ ಜೊತೆ ಉದುರುತ್ತದೆ. ಸಾಣೆಯ ಬಿಸಿಗೆ ಸುಟ್ಟು ನೀಲಿ ತಿರುಗಿದ ಜಾಗದ ಮೇಲೂ ಲೇಪ ಸರಿಯಾಗಿ ನಿಲ್ಲದು. ತುದಿ ಬೆಸುಗೆ ಹಾಕಿದ ಬ್ಲೇಡಾದರೆ ಬೆಸುಗೆಯಲ್ಲಿ ಕ್ಯಾಡ್ಮಿಯಂ, ಸತು ಇದೆಯೇ ಎಂದು ಮೊದಲೇ ಕೇಳಿ. ಅವು ಆ ಬಿಸಿಗೆ ಆವಿಯಾಗಿ ಪೆಟ್ಟಿಗೆಯನ್ನೇ ಕೆಡಿಸುತ್ತವೆ.

ದುಡ್ಡು ವಸೂಲಾಗುವುದು ಮರುಸಾಣೆಯ ನಂತರ ಲೇಪ ಎಲ್ಲಿ ಉಳಿಯಿತು ಎಂಬುದರ ಮೇಲೆ. ಪ್ಲೇನರ್ (ಹಲಗೆ ನುಣುಪು ಮಾಡುವ ಯಂತ್ರ) ಬ್ಲೇಡಿಗೆ ಸಾಣೆ ಇಳಿಜಾರು ಬದಿಗೆ ಮಾತ್ರ, ಚಪ್ಪಟೆ ಮುಖದ ಲೇಪ ಹಾಗೇ ಉಳಿಯುತ್ತದೆ. ಕೆಲಸ ಮಾಡುತ್ತಾ ಹಿಂದಿನ ಉಕ್ಕು ಮೊದಲು ಸವೆದು, ಮುಂದಿನ ಗಟ್ಟಿ ಪದರ ಬಾಯಿಯಂತೆ ನಿಲ್ಲುತ್ತದೆ. ವೃತ್ತಾಕಾರದ ಗರಗಸದ ಹಲ್ಲಿಗೆ ಎದುರು ಮುಖ, ಮೇಲ್ಭಾಗ ಎರಡನ್ನೂ ಉಜ್ಜುತ್ತಾರೆ, ಆಗ ಕೋಟಿಂಗಿನ ಕಾಸು ಒಂದೇ ಸಾಣೆಗೆ ಮುಗಿಯುತ್ತದೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಲ್ಯಾಮಿನೇಟ್ ದಿನವಿಡೀ ಕೊಯ್ಯುವವರು ಕೋಟಿಂಗ್ ಬಿಟ್ಟು ಪಿಸಿಡಿ (ವಜ್ರದ ಕಣಗಳನ್ನು ಬೆಸೆದು ಮಾಡಿದ) ತುದಿಯನ್ನೇ ಲೆಕ್ಕ ಹಾಕಬೇಕು.

ಪ್ಲೇನರ್ ಬ್ಲೇಡನ್ನು ಸಾಣೆಗೆ ಕೊಡುವಾಗ ಚಪ್ಪಟೆ ಮುಖಕ್ಕೆ ಒಂದು ಕಾಗದದ ಟೇಪು ಅಂಟಿಸಿ, "ಈ ಕಡೆ ಕಲ್ಲು ತಾಗಿಸಬೇಡಿ" ಎಂದು ಬರೆದು ಕೊಡಿ. ಮುಖಕ್ಕೆ ಮೆತ್ತಿದ ಮರದ ಅಂಟನ್ನು ಉಳಿಯಿಂದ ಕೆರೆಯದೆ ಸೀಮೆಎಣ್ಣೆಯಲ್ಲಿ ನೆನೆಸಿ ಒರೆಸಿ.